‘ಸಭೆ’ ಎಂಬ ಶಬ್ದವೂ ಮಂಗಳೂರಿನ ಬಾಸೆಲ್ ಮಿಶನ್ ಸಭೆಯ ಚರಿತ್ರೆಯೂ

ಮಂಗಳೂರಿನ ಬಲ್ಮಠದಲ್ಲಿ ನೆಲೆಗೊಂಡ ಬಾಸೆಲ್ ಮಿಶನ್ನಿನ ಕ್ರೈಸ್ತ ಸಭೆಯನ್ನು ಕುರಿತು ಕನ್ನಡದಲ್ಲಿ ನಾನು ಓದಿರುವ ಬರಹಗಳಲ್ಲಿ ಬಹುಪಾಲು ಎರಡು ಪಕ್ಷಗಳಿಗೆ ಸೇರತಕ್ಕವು. ಒಂದು ಪಕ್ಷದವರಿಗೆ ಆ ಸಭೆಯೆಂದರೆ ಕಿಟ್ಟೆಲರ ಕೋಶ, ಮೊಗ್ಲಿಂಗರ ಪತ್ರಿಕೆ, ಕಲ್ಲಚ್ಚಿನಲ್ಲಿ ಮೂಡಿದ ಕಾವ್ಯಗಳು. ಮತಬೋಧೆಯು ಇವರ ಎಣಿಕೆಯಲ್ಲಿ ಆ ಮಹನೀಯರಿಗಿದ್ದ ಒಂದು ಕ್ಷಮ್ಯವಾದ ದೌರ್ಬಲ್ಯ. ಇನ್ನೊಂದು ಪಕ್ಷದವರಿಗೆ ಅದೆಂದರೆ ಮತಾಂತರವೊಂದೇ. ಕೋಶವೂ ವ್ಯಾಕರಣವೂ ಆ ಬಲೆಯ ನೂಲುಗಳು. ಸಭೆಯೊಳಗಿನವರು ಬರೆದ ವೃತ್ತಾಂತಗಳು ಬೇರೆ ಉಂಟು; ಅವುಗಳಲ್ಲಿ ಯುರೋಪಿನಿಂದ ಬಂದವರ ಹೆಸರುಗಳು ಅವರು ಹಡಗಿನಿಂದ ಇಳಿದ ತಾರೀಖಿನೊಡನೆ ದೊರೆಯುತ್ತವೆ, ಅವರ ಮಾತನ್ನು ಕೇಳಿ ಮನೆಮಾರು ಬಿಟ್ಟು ಬಂದವರ ಹೆಸರುಗಳು ಅಪರೂಪವಾಗಿ ದೊರೆಯುತ್ತವೆ. ಮೊದಲಿನ ಎರಡು ಪಕ್ಷಗಳೂ ಒಂದೇ ವಸ್ತುವನ್ನು ಎರಡಾಗಿ ಸೀಳಿ ತಮಗೆ ಬೇಕಾದ ಹೋಳನ್ನು ಇಟ್ಟುಕೊಂಡಿವೆಯೆಂಬುದು ನನ್ನ ಆಕ್ಷೇಪ.

ಹೊಸ ದಾಖಲೆಗಳನ್ನು ಹೊರಗೆಡಹುವ ಸಾಮರ್ಥ್ಯ ನನಗಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿದವನಾದುದರಿಂದ ನನಗೆ ತಿಳಿದ ಹಾದಿ ಶಬ್ದದ ಹಾದಿಯೊಂದೇ. ಆ ಸಮಾಜವು ತನ್ನನ್ನು ಯಾವ ಶಬ್ದದಿಂದ ಕರೆದುಕೊಂಡಿತು, ಆ ಶಬ್ದಕ್ಕೆ ತಕ್ಕಂತೆ ನಡೆಯಿತೇ ಎಂಬಷ್ಟನ್ನೇ ಇಲ್ಲಿ ಪರೀಕ್ಷಿಸುತ್ತೇನೆ.

ಕರಾವಳಿಯಲ್ಲಿ ಕ್ರೈಸ್ತರ ಆರಾಧನಾಮಂದಿರಕ್ಕೆ ಮೊದಲಿನಿಂದ ಬಳಕೆಯಲ್ಲಿರುವ ಮಾತು ‘ಇಗರ್ಜಿ’. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಬಂದು ಕೊಂಕಣಿಯಲ್ಲಿಯೂ ಕನ್ನಡದಲ್ಲಿಯೂ ನೆಲಸಿದ ಈ ಪದವು ಲ್ಯಾಟಿನಿನ ದ್ವಾರಾ ಗ್ರೀಕಿನ ‘ಎಕ್ಲೇಸಿಯ’ ಎಂಬುದರಿಂದ ಹುಟ್ಟಿದುದು. ಕೇಶಿರಾಜನು ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತಪದಗಳಿಗೆ ಹೇಳಿದ ವಿಕಾರಗಳಂತೆಯೇ ಇದೂ ಬಾಯಿಂದ ಬಾಯಿಗೆ ಸವೆದು ಬಂದ ತದ್ಭವವೆನ್ನಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಈ ಸಿದ್ಧಪದವನ್ನು ತೆಗೆದುಕೊಳ್ಳಲಿಲ್ಲ. ಅವರ ಜನ ತಮ್ಮ ಸಮುದಾಯವನ್ನು ‘ಸಭೆ’ಯೆಂದರು, ಕಟ್ಟಡವನ್ನು ‘ದೇವಾಲಯ’ವೆಂದರು, ಪುರೋಹಿತಸ್ಥಾನದವನನ್ನು ‘ಸಭಾಪಾಲಕ’ನೆಂದರು. ವಿನೋದವೇನೆಂದರೆ, ‘ಸಭೆ’ಯೂ ಅದೇ ಎಕ್ಲೇಸಿಯದ ರೂಪವೇ. ಇಗರ್ಜಿಯು ಗ್ರೀಕು ಪದದ ನಾದವನ್ನು ಉಳಿಸಿಕೊಂಡಿತು, ಸಭೆಯು ಅರ್ಥವನ್ನು ಉಳಿಸಿಕೊಂಡಿತು. ಎಕ್ಲೇಸಿಯ ಎಂದರೆ ಹೊರಕ್ಕೆ ಕರೆಯಲ್ಪಟ್ಟವರ ಕೂಟ. ಅಥೇನೆಯಂತಹ ಪಟ್ಟಣಗಳಲ್ಲಿ ಪೌರರ ಮಹಾಸಭೆಗೆ ಇದ್ದ ಹೆಸರು.

ಈ ಪ್ರಯೋಗವು ಬಾಸೆಲಿನವರದೇ ಸೃಷ್ಟಿಯೆಂದು ನಾನು ಹೇಳುವುದಿಲ್ಲ. ತಮಿಳುನಾಡಿನ ಪ್ರಾಟೆಸ್ಟಂಟರಲ್ಲಿಯೂ ‘ಸಬೈ’ ಎಂಬುದೇ ರೂಢಿ. ಆದರೆ ಬಂದವರ ಮನೋಧರ್ಮಕ್ಕೆ ಇದು ಚೆನ್ನಾಗಿ ಹೊಂದಿತು. ಜರ್ಮನ್ ಭಾಷೆಯ ‘ಕಿರ್ಖೆ’, ಇಂಗ್ಲಿಷಿನ ‘ಚರ್ಚ್’ ಎಂಬವು ಎಕ್ಲೇಸಿಯದಿಂದ ಬಂದವಲ್ಲ. ‘ಪ್ರಭುವಿನದು’ ಎಂಬ ಅರ್ಥದ ಬೇರೊಂದು ಗ್ರೀಕು ಪದದಿಂದ ಬಂದವು. ಲೂಥರನು ಬೈಬಲನ್ನು ಜರ್ಮನಿಗೆ ತರುವಾಗ ಎಕ್ಲೇಸಿಯಕ್ಕೆ ‘ಕಿರ್ಖೆ’ ಎನ್ನದೆ ಸಮುದಾಯವಾಚಕವಾದ ‘ಗೆಮೈನೆ’ ಎಂಬ ಪದವನ್ನೇ ಇಟ್ಟನು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಈ ಮಿಶನ್ನಿಗೆ ಜನಬಲವು ಮುಖ್ಯವಾಗಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ದೇಶದ ಭಕ್ತಿಮಾರ್ಗಿಗಳಿಂದ ಒದಗಿತು. ದೊಡ್ಡ ದೇವಾಲಯಕ್ಕಿಂತ ಮನೆಮನೆಯ ಚಿಕ್ಕ ಕೂಟಗಳಲ್ಲಿ ಹೆಚ್ಚು ನೆಚ್ಚಿಕೆಯಿದ್ದ ಜನ ಅವರು. ಅಂಥವರಿಗೆ ‘ಸಭೆ’ಗಿಂತ ತಕ್ಕ ಮಾತು ದೊರೆಯುವುದು ಕಷ್ಟ.

ಸಂಸ್ಕೃತದ ಕಡೆಯಿಂದ ನೋಡಿದರೂ ಪದವು ಪುಷ್ಟವಾದುದು. ಅಥರ್ವವೇದದಲ್ಲಿ ಸಭೆಯೂ ಸಮಿತಿಯೂ ಪ್ರಜಾಪತಿಯ ಇಬ್ಬರು ಹೆಣ್ಣುಮಕ್ಕಳು. ಸೇರಿದ ಜನಕ್ಕೂ ಸೇರುವ ಮನೆಗೂ ಸಭೆಯೆಂದೇ ಹೆಸರು. ಮಯನು ಪಾಂಡವರಿಗೆ ಕಟ್ಟಿಕೊಟ್ಟುದು ಸಭೆ, ಅದರಲ್ಲಿ ಕುಳಿತವರೂ ಸಭೆ. ಸಭೆಗೆ ತಕ್ಕವನು ಸಭ್ಯನೆಂದು ಪಾಣಿನೀಯದಲ್ಲಿ ಪ್ರತ್ಯಯವಿಧಾನವೇ ಉಂಟು. ಹಾಗೆಂದು ಪದಕ್ಕೆ ಕಳಂಕವಿಲ್ಲವೆನ್ನಲಾಗದು. ಜೂಜಿನ ಮನೆಯೂ ಸಭೆಯೇ, ಅದನ್ನು ನಡೆಸುವವನು ಸಭಿಕ. ದ್ರೌಪದಿಯ ಪ್ರಶ್ನೆಗೆ ಉತ್ತರ ಹೇಳದೆ ತಲೆತಗ್ಗಿಸಿ ಕುಳಿತುದೂ ಒಂದು ಸಭೆ. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಇನ್ನು ಚರಿತ್ರೆ. ಈಸ್ಟ್ ಇಂಡಿಯಾ ಕಂಪೆನಿಯ ಸನದು 1833ರಲ್ಲಿ ನವೀಕೃತವಾದಾಗ ಬ್ರಿಟಿಷರಲ್ಲದ ಬೋಧಕರಿಗೂ ಈ ದೇಶದಲ್ಲಿ ಕೆಲಸಮಾಡುವ ಎಡೆ ದೊರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಅಕ್ಟೋಬರ್ ತಿಂಗಳ ಕೊನೆಗೆ ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೊಗ್ಲಿಂಗರು ಬಂದು ಸೇರಿದರು. ಕೇಳಿದವರಲ್ಲಿ ಹೆಚ್ಚಿನವರು ತುಳುಮಾತಿನ ಬಿಲ್ಲವರು. ಮಂಗಳೂರಿನ ಸಭೆಯ ಮೊದಲ ತಲೆಮಾರುಗಳಿಗೆ ಕನ್ನಡವು ತಾಯ್ನುಡಿಯಲ್ಲ, ಓದಿ ಕಲಿತ ಭಾಷೆ ಎಂಬುದನ್ನು ‘ಕನ್ನಡಸೇವೆ’ಯ ಪಕ್ಷದವರು ಬಹುಶಃ ಮರೆಯುತ್ತಾರೆ. ಗ್ರೈನರರ ಶ್ರಮದಿಂದ ತುಳುವಿನ ಹೊಸ ಒಡಂಬಡಿಕೆಯು 1847ರಲ್ಲಿ ಸಿದ್ಧವಾಯಿತು, ಅದನ್ನು ಅಚ್ಚುಹಾಕಿದುದು ಕನ್ನಡ ಲಿಪಿಯಲ್ಲಿ. ಬ್ರಿಗೆಲರ ತುಳು ವ್ಯಾಕರಣ 1872ರಲ್ಲಿ, ಮೆನ್ನರರ ತುಳುಕೋಶ 1886ರಲ್ಲಿ ಹೊರಟವು. ತುಳುವಿಗೂ ಕನ್ನಡ ಲಿಪಿಗೂ ಇಂದು ನಾವು ಕಾಣುವ ನಂಟು ಅಚ್ಚಿನಲ್ಲಿ ಬಲವಾದುದು ಈ ಸಭೆಯ ಮುದ್ರಣಾಲಯದಿಂದ.

ಈ ಸಭೆಯ ನಿಜವಾದ ಪ್ರಶ್ನೆ ಹುಟ್ಟಿದುದು ಪುಸ್ತಕದಲ್ಲಿ ಅಲ್ಲ, ಒಲೆಯಲ್ಲಿ. ದೀಕ್ಷಾಸ್ನಾನ ಪಡೆದವನನ್ನು ಅವನ ಜಾತಿಯ ಕೂಟವು ಹೊರಗೆ ಹಾಕುತ್ತಿತ್ತು. ಒಡೆಯನ ಗೇಣಿಭೂಮಿ ತಪ್ಪುತ್ತಿತ್ತು. ಮೂರ್ತೆಗಾರಿಕೆಯೂ ಕಳ್ಳಿನ ವ್ಯಾಪಾರವೂ ಕ್ರೈಸ್ತನಿಗೆ ತಕ್ಕವಲ್ಲವೆಂಬುದು ಬೋಧಕರ ಮತವಾದುದರಿಂದ ಕುಲಕಸಬೂ ಹೋಗುತ್ತಿತ್ತು. ಮೇಲ್ಕುಲದವನಾದರೂ ಗತಿ ಬೇರೆಯಲ್ಲ. 1844ರಲ್ಲಿ ಸಾರಸ್ವತ ಬ್ರಾಹ್ಮಣರಾದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಕದಡಿತು. ಅವರು ಬಾಸೆಲಿಗೆ ಹೋಗಿ 1846ರಿಂದ 1851ರವರೆಗೆ ಓದಿ ಬೋಧಕರಾಗಿ ಹಿಂದಿರುಗಿದರು; ತೌರಿನ ಬಾಗಿಲು ಮಾತ್ರ ಹಿಂದಿನಂತೆ ತೆರೆದಿರಲಿಲ್ಲ. ‘ಹೊರಕ್ಕೆ ಕರೆಯಲ್ಪಟ್ಟವರು’ ಎಂಬ ಎಕ್ಲೇಸಿಯದ ವ್ಯುತ್ಪತ್ತಿಯು ಮಂಗಳೂರಿನಲ್ಲಿ ಹೀಗೆ ಅಕ್ಷರಶಃ ನಿಜವಾಯಿತು. ಕರೆದವರೂ ಉಂಟು, ಹೊರಕ್ಕೆ ನೂಕಿದವರೂ ಉಂಟು.

ಇಲ್ಲಿ ಎರಡನೆಯ ಶಬ್ದಕ್ಕೆ ಬರಬೇಕು. ಕ್ರೈಸ್ತರು ತಮ್ಮ ಬೋಧೆಯನ್ನು ‘ಸುವಾರ್ತೆ’ ಎನ್ನುತ್ತಾರೆ. ಗ್ರೀಕಿನ ‘ಎವಾಂಗೆಲಿಯೊನ್’ ಎಂಬ ಸಮಾಸದ ಎರಡು ಅಂಗಗಳನ್ನೂ ಬಿಡಿಸಿ ಸಂಸ್ಕೃತದಲ್ಲಿ ಮತ್ತೆ ಹೆಣೆದ ಈ ಪ್ರಾದಿಸಮಾಸವು ನಿರ್ದುಷ್ಟವಾದುದು. ವಾರ್ತೆಯೆಂದರೆ ಸಮಾಚಾರ. ಆದರೆ ಅರ್ಥಶಾಸ್ತ್ರವನ್ನು ಓದಿದವನ ಕಿವಿಗೆ ಆ ಪದದಲ್ಲಿ ಇನ್ನೊಂದು ಅರ್ಥವೂ ಕೇಳಿಸುತ್ತದೆ. ಕೌಟಿಲ್ಯನು ನಾಲ್ಕು ವಿದ್ಯೆಗಳನ್ನು ಎಣಿಸುವಾಗ ಆನ್ವೀಕ್ಷಕಿ, ತ್ರಯಿ, ದಂಡನೀತಿಗಳೊಡನೆ ವಾರ್ತೆಯನ್ನು ಹೇಳಿ, ಕೃಷಿ ಪಶುಪಾಲನೆ ವಾಣಿಜ್ಯಗಳೇ ವಾರ್ತೆಯೆಂದು ವಿವರಿಸುತ್ತಾನೆ. ಅಂದರೆ ಜೀವನೋಪಾಯ. ತ್ರಯಿಯನ್ನು ಹೇಳಲು ಬಂದ ಬಾಸೆಲಿನ ಜನ ಹತ್ತಿಪ್ಪತ್ತು ವರ್ಷಗಳೊಳಗೆ ವಾರ್ತೆಯನ್ನು ಕಲಿಯಬೇಕಾಗಿ ಬಂತು. ತಾವು ಆರಿಸಿದ ಪದದಲ್ಲಿ ಈ ಅರ್ಥ ಹುದುಗಿದೆಯೆಂದು ಅವರಿಗೆ ತೋರಿತ್ತೋ ಇಲ್ಲವೋ, ಕಾರ್ಯದಲ್ಲಿ ಮಾತ್ರ ಅದು ತಾನಾಗಿ ಹೊರಬಿತ್ತು.

1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ ಮೊದಲನೆಯ ತಾರೀಖು ಮೊಗ್ಲಿಂಗರ ‘ಮಂಗಳೂರ ಸಮಾಚಾರ’ವು ಹದಿನೈದು ದಿನಕ್ಕೊಮ್ಮೆ ಬರುವ ಪತ್ರವಾಗಿ ಹೊರಟಿತು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಎಲ್ಲರೂ ಒಪ್ಪುವ ಇದು ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಊರ ವರ್ತಮಾನ, ಸರ್ಕಾರದ ಕಾನೂನು, ಪರದೇಶಗಳ ಸುದ್ದಿ, ಕಥೆಗಳು ಇದರಲ್ಲಿ ಬರುತ್ತಿದ್ದವು. ಇದು ವಾರ್ತೆಯ ಮೊದಲ ಅರ್ಥಕ್ಕೆ ಸೇರಿದುದು. ಎರಡನೆಯ ಅರ್ಥಕ್ಕೆ ಸೇರಿದವು ಮಗ್ಗ ಮತ್ತು ಹೆಂಚು. 1850ರ ಅನಂತರ ಹಾಲರ್ ಎಂಬ ನೇಯ್ಗೆ ಬಲ್ಲವರು ಬಲ್ಮಠದ ನೇಯ್ಗೆಯನ್ನು ಊರ್ಜಿತಗೊಳಿಸಿದರು. ಖಾಕಿಯನ್ನು ಜಗತ್ತಿಗೆ ಕೊಟ್ಟುದು ಮಂಗಳೂರೆಂದು ಕೆಲವರು ಅಭಿಮಾನದಿಂದ ಬರೆಯುವುದುಂಟು. ಖಾಕಿಯೆಂಬುದು ಧೂಳೆಂಬರ್ಥದ ಪಾರಸಿ ಶಬ್ದದಿಂದ ಬಂದುದು. ಆ ಬಣ್ಣದ ಉಡುಪನ್ನು ವಾಯವ್ಯ ಗಡಿಯ ಸೈನ್ಯದಲ್ಲಿ ಅದಕ್ಕೆ ಮುಂಚೆಯೇ ತೊಡುತ್ತಿದ್ದರು. ಬಲ್ಮಠದ ಮಗ್ಗದಲ್ಲಿ ಸಿದ್ಧವಾದ ಬಣ್ಣವೂ ಬಟ್ಟೆಯೂ ಮೆಚ್ಚುಗೆ ಪಡೆದುವೆಂಬಷ್ಟಕ್ಕೆ ನಿಂತರೆ ಸಾಕು. ಹೆಂಚಿನ ಕೀರ್ತಿ ಮಾತ್ರ ನಿರ್ವಿವಾದ. 1865ರಲ್ಲಿ ಪ್ಲೆಬ್ಸ್ಟರು ಜೆಪ್ಪುವಿನಲ್ಲಿ ನೇತ್ರಾವತಿಯ ಹತ್ತಿರ ಹೆಂಚಿನ ಕಾರ್ಖಾನೆಯನ್ನು ತೆರೆದರು. ನದಿಯ ಜೇಡಿಯಿಂದ ಅಚ್ಚೊತ್ತಿ ಸುಟ್ಟ, ಒಂದಕ್ಕೊಂದು ಕೊಂಡಿಹಾಕಿಕೊಳ್ಳುವ ಚಪ್ಪಟೆ ಹೆಂಚು ‘ಮಂಗಳೂರು ಹೆಂಚು’ ಎಂಬ ಹೆಸರಿನಲ್ಲಿ ದೇಶದೇಶಗಳ ಮಾಡುಗಳನ್ನೇರಿತು. ಕಂಪೆನಿಯ ಹೆಸರೊತ್ತಿದ ಹಳೆಯ ಹೆಂಚುಗಳನ್ನು ಅಗ್ರಹಾರದ ಮನೆಗಳ ಮೇಲೂ ಮಠಗಳ ಮೇಲೂ ನಾನು ನೋಡಿದ್ದೇನೆ. ಸಭೆಯಿಂದ ದೂರ ಸರಿದು ಕುಳಿತವರ ತಲೆಯ ಮೇಲೂ ಸಭೆಯವರ ಕೈಕೆಲಸವೇ ಮಳೆಯನ್ನು ತಡೆಯಿತು.

ಇಲ್ಲಿ ಒಂದು ಶಂಕೆ. ಅನ್ನವನ್ನು ತೋರಿಸಿ ಮತವನ್ನು ಕೊಟ್ಟರೆಂದು ಹೇಳುವವರು ಮಗ್ಗವನ್ನೂ ಹೆಂಚನ್ನೂ ಸಾಕ್ಷ್ಯಕ್ಕೆ ಕರೆಯುತ್ತಾರೆ. ಇದಕ್ಕೆ ಸಮಾಧಾನವನ್ನು ಭಾವದಿಂದಲ್ಲ, ಪೌರ್ವಾಪರ್ಯದಿಂದ ಹೇಳಬೇಕು. ಕಾರಣವು ಕಾರ್ಯಕ್ಕಿಂತ ಮುಂಚೆ ಇರಬೇಕೆಂಬುದು ತಾರ್ಕಿಕರೆಲ್ಲರ ಸಮ್ಮತಿ. ಮೊದಲ ದೀಕ್ಷಾಸ್ನಾನಗಳು 1830ರಿಂದ 1850ರ ನಡುವಣವು; ಹೆಂಚಿನ ಕಾರ್ಖಾನೆ 1865ರದು; ಉದ್ಯಮಗಳಿಗಾಗಿ ಮಿಶನ್ನಿನವರು ಪ್ರತ್ಯೇಕ ವ್ಯಾಪಾರಸಂಘವನ್ನು ಏರ್ಪಡಿಸಿದುದು 1859ರಲ್ಲಿ. ಮೊದಲ ತಲೆಮಾರಿನವರು ಇದ್ದ ಅನ್ನವನ್ನು ಬಿಟ್ಟು ಬಂದವರೇ ಹೊರತು ಇಲ್ಲದ ಕಾರ್ಖಾನೆಯ ಅನ್ನಕ್ಕೆ ಬಂದವರಲ್ಲ. ಅವರು ಬಂದುದರಿಂದ ಕಾರ್ಖಾನೆ ಬೇಕಾಯಿತು. ಆಮೇಲಿನ ತಲೆಮಾರುಗಳ ವಿಷಯದಲ್ಲಿ ಇದೇ ಮಾತನ್ನು ಇಷ್ಟೇ ಧೈರ್ಯದಿಂದ ಹೇಳಲಾರೆ. ಕಾರ್ಖಾನೆ ನಿಂತ ಮೇಲೆ ಅದರ ನೆರಳೂ ನಿಲ್ಲುತ್ತದೆ. ಕ್ರೈಸ್ತೇತರರೂ ಅಲ್ಲಿ ಕೂಲಿಮಾಡಿದರೆಂಬುದು ಆಪಾದನೆಯ ಮೊನೆಯನ್ನು ತುಸು ಮೊಂಡಾಗಿಸುತ್ತದೆ, ಅಷ್ಟೆ.

ನನ್ನ ಆಕ್ಷೇಪವಿರುವುದು ಬೇರೆ ಕಡೆ. ಬೋಧಿಸುವವನೂ ಕೂಲಿಕೊಡುವವನೂ ಇರಲು ಮನೆ ಕೊಡುವವನೂ ಒಂದೇ ಸಂಸ್ಥೆಯಾದರೆ ಶಿಷ್ಯನಿಗೆ ಬಾಯಿ ಎಲ್ಲಿಯದು? ಗುರುವಿನೊಡನೆ ವಾದಿಸಬಹುದು, ಧಣಿಯೊಡನೆ ವಾದಿಸುವುದು ಕಷ್ಟ. ಹಿಂದೆ ನೆನಪಿಡಬೇಕೆಂದು ಕೇಳಿಕೊಂಡ ಮೂಕಸಭೆಯ ಅಪಾಯವು ಇಲ್ಲಿದೆ. ಸಭೆಯ ಚರಿತ್ರೆಗಳಲ್ಲಿ ಪರದೇಶದವರ ಹೆಸರುಗಳು ತುಂಬಿ ನಮ್ಮವರ ಹೆಸರುಗಳು ತೆಳುವಾಗಿರುವುದಕ್ಕೆ ಈ ಸ್ಥಿತಿಯೂ ಒಂದು ಕಾರಣವಾಗಿರಬೇಕು.

ಗ್ರಂಥಕಾರ್ಯದ ವಿಷಯ ಎಲ್ಲರೂ ಬಲ್ಲುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ನೀಲಗಿರಿಯಲ್ಲಿದ್ದ ಕಸಮೇಜರ್ ಎಂಬ ಅಧಿಕಾರಿಯ ದ್ರವ್ಯಸಹಾಯದಿಂದ 1848ರಿಂದ 1853ರವರೆಗೆ ಮೊಗ್ಲಿಂಗರು ‘ಬಿಬ್ಲಿಯೊಥೆಕ ಕರ್ನಾಟಿಕ’ ಎಂಬ ಮಾಲೆಯಲ್ಲಿ ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವಪದವಿಯನ್ನಿತ್ತಿತು. ಅದೇ ಮೊಗ್ಲಿಂಗರು ‘ಜಾತಿವಿಚಾರಣೆ’ಯಂತಹ ಖಂಡನಗ್ರಂಥವನ್ನೂ ಬರೆದರು. ಇದರಲ್ಲಿ ಇಬ್ಬಗೆಯಿಲ್ಲ. ಪೂರ್ವಪಕ್ಷವನ್ನು ಪ್ರತಿವಾದಿಗಿಂತ ಚೆನ್ನಾಗಿ ತಿಳಿಯಬೇಕೆಂಬುದು ನಮ್ಮ ಶಾಸ್ತ್ರಗಳಲ್ಲಿಯೂ ಇರುವ ಮರ್ಯಾದೆ. ಅಂತರವಿಷ್ಟೆ, ಪೂರ್ವಪಕ್ಷವನ್ನು ಅಚ್ಚುಹಾಕಿ ಪ್ರತಿವಾದಿಯ ಕೈಗೇ ಕೊಟ್ಟ ವಾದಿಯು ನಮ್ಮಲ್ಲಿ ಅಪೂರ್ವ.

ಕಿಟ್ಟೆಲರು 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ಛಂದೋಂಬುಧಿಯನ್ನೂ ಮಂಗಳೂರಿನಲ್ಲಿ ಮುದ್ರಿಸಿ, 1894ರಲ್ಲಿ ಸುಮಾರು 70,000 ಪದಗಳ ಕೋಶವನ್ನು ಪ್ರಕಟಿಸಿದರು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಆ ಕೋಶವನ್ನು ಮಡಿಬಟ್ಟೆಯಲ್ಲಿ ಸುತ್ತಿ ಅಮರದ ವ್ಯಾಖ್ಯಾನಗಳ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದರು. ಬರೆದವರ ಮತವನ್ನು ಕುರಿತು ಒಂದು ದಿನವೂ ಮಾತೆತ್ತಿದವರಲ್ಲ. ಅದು ಗೌರವವೆಂದು ಆಗ ತಿಳಿದಿದ್ದೆ. ಈಗ ಅದು ಅರ್ಧ ಗೌರವವೆಂದು ತೋರುತ್ತದೆ. ಏಕೆಂದರೆ ಕಿಟ್ಟೆಲರೇ 1862ರಲ್ಲಿ ‘ಕಥಾಮಾಲೆ’ಯೆಂಬ ಕೃತಿಯಲ್ಲಿ ಯೇಸುವಿನ ಚರಿತೆಯನ್ನು ನಮ್ಮ ದೇಶದ ಛಂದಸ್ಸುಗಳಲ್ಲಿ ಹಾಡಿದ್ದಾರೆ. ಛಂದೋಂಬುಧಿಯ ಸಂಪಾದಕನನ್ನು ಹೊಗಳಿ ‘ಕಥಾಮಾಲೆ’ಯ ಕವಿಯನ್ನು ಕಾಣದಂತಿರುವುದು ಫಲವನ್ನು ತಿಂದು ಬೇರನ್ನು ನಿರಾಕರಿಸಿದಂತೆ. ಆ ಛಂದಸ್ಸುಗಳ ಹುಡುಕಾಟಕ್ಕೂ ಸುವಾರ್ತೆಯನ್ನು ಕನ್ನಡದ ಕಿವಿಗೆ ಒಪ್ಪಿಸಬೇಕೆಂಬ ಹಂಬಲಕ್ಕೂ ಬೇರೆ ಬೇರೆ ಮೂಲಗಳಿಲ್ಲ.

ಸಭೆಯ ಪರಿಭಾಷೆಯೆಲ್ಲವೂ ನನಗೆ ಒಪ್ಪಿಗೆಯೆಂದು ಇದರಿಂದ ತಿಳಿಯಬಾರದು. ‘ದೀಕ್ಷಾಸ್ನಾನ’ವು ಉತ್ತಮವಾದ ಪದ. ಸೋಮಯಾಗದಲ್ಲಿ ದೀಕ್ಷೆಗೆ ಮುನ್ನ ಅಪ್ಸುದೀಕ್ಷೆಯೆಂಬ ಸ್ನಾನವಿಧಿಯುಂಟು. ದೀಕ್ಷಿತನು ಗರ್ಭಸ್ಥನಾಗಿ ಮತ್ತೆ ಹುಟ್ಟುತ್ತಾನೆಂದು ಐತರೇಯಬ್ರಾಹ್ಮಣವು ಹೇಳುತ್ತದೆ. ನೀರಿನಿಂದ ಪುನರ್ಜನ್ಮವೆಂಬ ಕ್ರೈಸ್ತರ ಭಾವಕ್ಕೆ ಇದಕ್ಕಿಂತ ಸಮೀಪದ ಮಾತಿಲ್ಲ. ‘ಮೋಕ್ಷ’ಕ್ಕಿಂತ ‘ರಕ್ಷಣೆ’ಯನ್ನು ಮುಂದಿಟ್ಟುದೂ ವಿವೇಕವೇ, ಜನ್ಮಪರಂಪರೆಯನ್ನೊಪ್ಪದ ಮತದಲ್ಲಿ ಬಿಡುಗಡೆಗಿಂತ ಕಾಪಾಡುವಿಕೆಯೇ ಪ್ರಧಾನ. ‘ಶಿಲುಬೆ’ಯು ಸುರಿಯಾನಿ ಮೂಲದ ಅತಿಥಿ, ಕನ್ನಡದಲ್ಲಿ ಹಾಯಾಗಿ ಕುಳಿತಿದೆ. ಆದರೆ ಬೈಬಲಿಗಿಟ್ಟ ‘ಸತ್ಯವೇದ’ವೆಂಬ ಹೆಸರು ನನ್ನ ಕಿವಿಯನ್ನು ಇಂದಿಗೂ ಚುಚ್ಚುತ್ತದೆ. ಕರ್ಮಧಾರಯದಲ್ಲಿ ವಿಶೇಷಣವು ಎರಡು ಬಗೆ: ಸ್ವರೂಪವನ್ನು ತಿಳಿಸುವುದು, ಇತರವನ್ನು ವ್ಯಾವರ್ತಿಸುವುದು. ಉಷ್ಣಾಗ್ನಿಯೆಂದರೆ ತಣ್ಣಗಿನ ಬೆಂಕಿ ಬೇರೆಯಿದೆಯೆಂದು ಅರ್ಥವಲ್ಲ. ನೀಲೋತ್ಪಲವೆಂದರೆ ಬಿಳಿಯದೂ ಇದೆಯೆಂದು ಅರ್ಥ. ‘ಸತ್ಯ’ಪದವನ್ನು ಮೊದಲನೆಯ ಬಗೆಯಲ್ಲಿ ತೆಗೆದುಕೊಂಡರೆ ದೋಷವಿಲ್ಲ, ವೇದವೆಲ್ಲವೂ ಸತ್ಯವೇ. ಖಂಡನಗ್ರಂಥಗಳ ನಡುವೆ ಬೆಳೆದ ಹೆಸರಾದುದರಿಂದ ಕೇಳಿದವರು ಎರಡನೆಯ ಬಗೆಯಲ್ಲಿಯೇ ತೆಗೆದುಕೊಂಡರು. ಇಂದಿನ ಸಭೆಯವರಲ್ಲಿ ಆ ವ್ಯಾವರ್ತನೆಯ ಅಭಿಪ್ರಾಯ ಉಳಿದಿಲ್ಲವೆಂದು ನಾನು ಬಲ್ಲೆ. ಹೆಸರು ಮಾತ್ರ ಉಳಿದಿದೆ.

ಕೊನೆಯದಾಗಿ ಒಂದು ಪ್ರಶ್ನೆ: ಜಾತಿಯನ್ನು ಖಂಡಿಸಿದ ಸಭೆಯು ತಾನೇ ಒಂದು ಜಾತಿಯಾಯಿತೇ? ತುಳುನಾಡಿನ ಬರಿಗಳ ಹೆಸರುಗಳು ಹಲವು ಕ್ರೈಸ್ತಮನೆತನಗಳಲ್ಲಿ ಇಂದಿಗೂ ಉಳಿದಿರುವುದನ್ನು ಕೆಲವರು ಇದಕ್ಕೆ ಸಾಕ್ಷಿಯೆನ್ನುತ್ತಾರೆ. ಹೆಸರು ಉಳಿದರೆ ಜಾತಿ ಉಳಿಯಿತೆನ್ನುವುದು ದುರ್ಬಲವಾದ ಹೇತು. ಹೊರಹಾಕಿದ ಮನೆಯ ಹೆಸರನ್ನು ಬಿಡದೆ ಹಿಡಿದುದು ಮಮತೆಯಿಂದಲೂ ಆಗಬಹುದು. ಒಟ್ಟಾಗಿ ಹೊರಗಾದವರು, ಒಟ್ಟಾಗಿ ದುಡಿದವರು, ಒಂದೇ ಕೇರಿಯಲ್ಲಿ ನೆಲಸಿದವರು ತಮ್ಮೊಳಗೇ ಕೊಳುಕೊಡೆ ನಡೆಸಿದರೆ ಮೇಲ್ನೋಟಕ್ಕೆ ಅದು ಜಾತಿಯಂತೆಯೇ ಕಾಣುತ್ತದೆ. ಪರೀಕ್ಷೆಯೆಂದರೆ ಹೊರಗಿನವನಿಗೆ ಬಾಗಿಲು ತೆರೆದಿತ್ತೇ ಎಂಬುದು. ತೆರೆದಿತ್ತು. ಜಾತಿಗೂ ಸಭೆಗೂ ನಾನು ಕಾಣುವ ಭೇದವು ಇದೊಂದೇ, ಆದರೆ ಅದು ಅಲ್ಪವಲ್ಲ.

ಸಭೆಯ ಸತ್ತ್ವಕ್ಕೆ ಕಠಿನವಾದ ಪರೀಕ್ಷೆ ಬಂದುದು 1914ರಲ್ಲಿ. ಮಹಾಯುದ್ಧವು ಆರಂಭವಾಗಿ ಜರ್ಮನ್ ಬೋಧಕರನ್ನು ಸರ್ಕಾರವು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳುಹಿಸಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಗುರುವೂ ಹೋದನು, ಧಣಿಯೂ ಹೋದನು. ಅನ್ನಕ್ಕಾಗಿಯೇ ಕೂಡಿದ ಸಮುದಾಯವಾಗಿದ್ದರೆ ಅಂದೇ ಚದರಬೇಕಾಗಿತ್ತು, ಚದರಲಿಲ್ಲ. ಬಲ್ಮಠದಲ್ಲಿ 1847ರಿಂದ ನಡೆದುಬಂದ ಮತಶಾಸ್ತ್ರಶಾಲೆಯಲ್ಲಿ ಸಿದ್ಧರಾದ ಈ ನಾಡಿನ ಸಭಾಪಾಲಕರೇ ಭಾರವನ್ನು ಹೊತ್ತರು. ಅದೇ ಶಾಲೆಯಲ್ಲಿ ಓದಿ ಉತ್ತರ ಕರ್ನಾಟಕದಲ್ಲಿ ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತರು. ಮೊಗ್ಲಿಂಗರು ಹೊರಗಿನಿಂದ ಬಂದು ಆರಂಭಿಸಿದ ಕೆಲಸವನ್ನು ಒಳಗಿನವರೊಬ್ಬರು ತಮ್ಮದಾಗಿ ಮಾಡಿಕೊಂಡುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. 1947ರಲ್ಲಿ ಹಲವು ಪ್ರಾಟೆಸ್ಟಂಟ್ ಸಂಪ್ರದಾಯಗಳು ಕೂಡಿ ರಚಿಸಿದ ಐಕ್ಯಕ್ಕೆ ಮಂಗಳೂರಿನವರು ಕಾಲಾಂತರದಲ್ಲಿ ಸೇರಿದರು. ಅದರ ಹೆಸರೂ ‘ದಕ್ಷಿಣ ಭಾರತ ಸಭೆ’ಯೆಂದೇ ಆಗಿದೆ.

ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಶನ್ನಿನ ಹಳೆಯ ಕಾಗದಪತ್ರಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಸಭೆಯ ಮೊದಲ ಮೂವತ್ತು ವರ್ಷಗಳಲ್ಲಿ ದೀಕ್ಷಾಸ್ನಾನ ಪಡೆದವರ ಹೆಸರು, ಊರು, ಬಿಟ್ಟ ಕಸಬು, ಹಿಡಿದ ಕಸಬು, ಇಷ್ಟನ್ನು ದೊರೆತಮಟ್ಟಿಗೆ ಆರಿಸಿ ಕನ್ನಡದಲ್ಲಿ ಪಟ್ಟಿಮಾಡಿ ಅಚ್ಚುಹಾಕಿಸಬಲ್ಲ ತರುಣ ವಿದ್ವಾಂಸರು ಯಾರಾದರೂ ಮುಂದೆ ಬಂದರೆ, ನಾನು ಮೇಲೆ ಪೌರ್ವಾಪರ್ಯವನ್ನು ಹಿಡಿದು ಮಾಡಿದ ವಾದವು ನಿಲ್ಲುವುದೋ ಬೀಳುವುದೋ ಅದರಿಂದ ಗೊತ್ತಾಗುತ್ತದೆ.